ಗುಡ್ಡೆ ಕಡಿಯುವ ಮೊದಲು ಒಂದು ಲೆಕ್ಕ

ನಮ್ಮ ಕುಂಬ್ಡಾಜೆಯಲ್ಲಿ ಮನೆ ಕಟ್ಟುವವರಿಗೆ ಸಮತಟ್ಟು ಜಾಗ ಸಿಗುವುದು ಅಪರೂಪ. ತಗ್ಗಿನಲ್ಲಿ ಗದ್ದೆ, ತೋಟ, ಮೇಲೆ ಗುಡ್ಡೆ. ಗದ್ದೆಗೆ ಮಣ್ಣು ತುಂಬಿಸಲು 2008ರ ಕೇರಳದ ಗದ್ದೆ ಸಂರಕ್ಷಣಾ ಕಾಯಿದೆ ಸುಲಭದಲ್ಲಿ ಬಿಡುವುದಿಲ್ಲ. ಆದ್ದರಿಂದ ಮನೆ ಕಟ್ಟುವುದೆಂದರೆ ಮೊದಲು ಗುಡ್ಡೆ ಕಡಿಯುವುದು.

ನಾನು ಬ್ಯಾಂಕಿನ ಸಾಲದ ವಿಭಾಗದಲ್ಲಿ ಗುಮಾಸ್ತನಾಗಿದ್ದವನು. ಮನೆ ಸಾಲದ ಎಸ್ಟಿಮೇಟ್‌ಗಳನ್ನು ಎಷ್ಟೋ ನೋಡಿದ್ದೇನೆ. ಕಲ್ಲು, ಸಿಮೆಂಟು, ಕಬ್ಬಿಣ, ಬಾಗಿಲ ಮರ ಎಲ್ಲದಕ್ಕೂ ಅಳತೆ ಇರುತ್ತಿತ್ತು. ಮಣ್ಣಿಗೆ ಮಾತ್ರ 'ಜಾಗ ಸಮತಟ್ಟು ಮಾಡಲು' ಎಂದು ಒಂದೇ ಸಾಲು, ಅದರ ಎದುರಿಗೆ ಕಣ್ಣಂದಾಜಿನ ಒಂದು ಮೊತ್ತ. ಸಾಲದ ಮೊದಲ ಕಂತು ಸಿಗುವುದು ಪಂಚಾಂಗ ಎದ್ದ ಮೇಲೆ. ಕೈಯಲ್ಲಿದ್ದ ಹಣವೆಲ್ಲ ಮಣ್ಣಿಗೇ ಮುಗಿದು, ಪಂಚಾಂಗವೂ ಇಲ್ಲ, ಕಂತೂ ಇಲ್ಲ ಎಂದಾಗಿ, ಬಳೆ ಅಡವಿಡಲು ಅದೇ ಬ್ಯಾಂಕಿನ ಇನ್ನೊಂದು ಕೌಂಟರಿಗೆ ಬಂದು ನಿಂತವರನ್ನು ಕಂಡಿದ್ದೇನೆ.

ಒಂದು ಪೆನ್ಸಿಲು, ಕಾಗದ ಹತ್ತಿರ ಇಟ್ಟುಕೊಳ್ಳಿ. ಲೆಕ್ಕ ಕಷ್ಟದ್ದಲ್ಲ.

ಮೊದಲು ಇಳಿಜಾರು ಎಷ್ಟೆಂದು ತಿಳಿಯಬೇಕು. ಇದಕ್ಕೆ ಎಂಜಿನಿಯರರ ಯಂತ್ರವೇ ಬೇಕೆಂದಿಲ್ಲ. ಮೇಸ್ತ್ರಿಗಳ ನೀರಿನ ಪೈಪು ಸಾಕು. ಒಳಗಿನ ನೀರು ಕಾಣುವಂಥ ಪೈಪಿಗೆ ಗಾಳಿಗುಳ್ಳೆ ಉಳಿಯದಂತೆ ನೀರು ತುಂಬಿಸಿ. ಮೇಲಿನ ಮೂಲೆಯಲ್ಲಿ ಒಂದು ತುದಿ, ಕೆಳಗಿನ ಮೂಲೆಯಲ್ಲಿ ನೆಟ್ಟ ಬಿದಿರಿಗೆ ಇನ್ನೊಂದು ತುದಿ. ಎರಡು ಕಡೆಯೂ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಆ ನೀರಿನಿಂದ ನೆಲಕ್ಕೆ ಎರಡೂ ಕಡೆ ಅಳೆದು, ದೊಡ್ಡದರಿಂದ ಸಣ್ಣದನ್ನು ಕಳೆದರೆ ಸಿಗುವುದೇ ಏರುತಗ್ಗು.

ಒಂದು ಉದಾಹರಣೆ ನೋಡೋಣ. ಅಂಗಳ ಸೇರಿ ಉದ್ದ 60 ಅಡಿ, ಗುಡ್ಡೆಯ ಕಡೆಗೆ ಅಗಲ 40 ಅಡಿ, ಏರುತಗ್ಗು 6 ಅಡಿ. ಕೆಳಗಿನ ಅಂಚಿನ ಮಟ್ಟಕ್ಕೇ ಇಡೀ ಜಾಗವನ್ನು ಕಡಿಯುತ್ತೀರಿ ಎಂದಿಟ್ಟುಕೊಳ್ಳಿ. ಮೇಲಿನ ಅಂಚಿನಲ್ಲಿ ಆಳ 6, ಕೆಳಗೆ ಸೊನ್ನೆ, ಸರಾಸರಿ 3. ಅಂದರೆ 60 ಗುಣಿಸು 40 ಗುಣಿಸು 3, ಒಟ್ಟು 7,200 ಘನ ಅಡಿ. ಲೆಕ್ಕ ಮೀಟರಿನಲ್ಲಿ ಬೇಕಾದರೆ 35.3ರಿಂದ ಭಾಗಿಸಿ: ಸುಮಾರು 204 ಘನ ಮೀಟರ್. ನೆಲ ಅಲ್ಲಲ್ಲಿ ಉಬ್ಬುತಗ್ಗಾಗಿದ್ದರೆ ಜಾಗವನ್ನು ಚೌಕಗಳಾಗಿ ಮಾಡಿ, ಒಂದೊಂದು ಚೌಕದ ನಾಲ್ಕು ಮೂಲೆಗಳ ಸರಾಸರಿ ಹಿಡಿದು ಕೂಡಿಸಿರಿ.

ಇಲ್ಲಿಯವರೆಗಿನ ಲೆಕ್ಕ ನನಗೂ ಬರುತ್ತಿತ್ತು. 2016ರಲ್ಲಿ ಮಗನ ಮನೆಗೆ ಜಾಗ ಕಡಿಸಿದಾಗ ಸುಮಾರು ಇಷ್ಟೇ ಮಣ್ಣು. ಟಿಪ್ಪರಿನ ಪೆಟ್ಟಿಗೆಯನ್ನು ಟೇಪು ಹಿಡಿದು ಅಳೆದೆ: 150 ಘನ ಅಡಿ. 7,200ನ್ನು ಭಾಗಿಸಿ 48 ಲೋಡು ಎಂದು ಬರೆದಿಟ್ಟೆ. ಲೋಡು 60 ದಾಟಿತು. ಚಾಲಕ ಸುಳ್ಳು ಲೆಕ್ಕ ಕೊಡುತ್ತಿದ್ದಾನೆಂದು ನಾಲ್ಕು ಜನರೆದುರು ಹೇಳಿಯೂ ಬಿಟ್ಟೆ. ಆತ ಸಿಟ್ಟಾಗಲಿಲ್ಲ. "ಅಣ್ಣಾ, ನೆಲದಲ್ಲಿರುವ ಮಣ್ಣು ಬೇರೆ, ಲಾರಿಗೆ ಬಿದ್ದ ಮಣ್ಣು ಬೇರೆ" ಎಂದ.

ಅವನ ಮಾತೇ ಸರಿ. ಒತ್ತಿ ಕುಳಿತ ಮಣ್ಣನ್ನು ಅಗೆದರೆ ಅದರೊಳಗೆ ಗಾಳಿ ಸೇರಿ ಉಬ್ಬುತ್ತದೆ. ಸಾಧಾರಣ ಮಣ್ಣು ನಾಲ್ಕಕ್ಕೆ ಐದಾಗುತ್ತದೆ. ಕಲ್ಲು ಒಡೆದದ್ದು ಇನ್ನೂ ಹೆಚ್ಚು. 7,200 ಘನ ಅಡಿ ಲಾರಿಗೆ ಬೀಳುವಾಗ 9,000. ಅದಕ್ಕೆ 60 ಲೋಡು. ಮರುದಿನ ಅವನ ಮನೆಗೇ ಹೋಗಿ ತಪ್ಪಾಯಿತೆಂದು ಹೇಳಿ ಬಂದೆ.

ಈಗ ಹಣಕ್ಕೆ ಬರೋಣ. ಲೋಡಿಗೆ 600 ರೂಪಾಯಿ, ಜೆಸಿಬಿಗೆ ಗಂಟೆಗೆ 1,400 ರೂಪಾಯಿ ಎಂದು ಲೆಕ್ಕಕ್ಕಾಗಿ ಹಿಡಿಯೋಣ. ನಿಮ್ಮ ಕಡೆಯ ದರವನ್ನು ಆ ಜಾಗದಲ್ಲಿ ಹಾಕಿಕೊಳ್ಳಿ. (ಮಲೆಯಾಳ ಪತ್ರಿಕೆಗಳು ಇದನ್ನು 'ಮಣ್ಣುಮಾಂದಿ' ಎನ್ನುತ್ತವೆ. ಹೆಸರು ಚೆನ್ನಾಗಿದೆ, ನಾವು ಮಾತ್ರ ಜೆಸಿಬಿಯನ್ನು ಬಿಡುವುದಿಲ್ಲ.) ಲೋಡಿಗೆ ಹತ್ತು ನಿಮಿಷವಾದರೆ 60 ಲೋಡಿಗೆ 10 ಗಂಟೆ. ಯಂತ್ರಕ್ಕೆ 14,000, ಟಿಪ್ಪರಿಗೆ 36,000, ಒಟ್ಟು 50,000. ಮುರಕಲ್ಲು ಎದುರಾದರೆ ಗಂಟೆಗಳು ಹೆಚ್ಚುತ್ತವೆ. ಮಣ್ಣನ್ನು ಜಾಗದಿಂದ ಹೊರಗೆ ಸಾಗಿಸಲು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅನುಮತಿಯ ಖರ್ಚೂ ಇದೆ. ಮೊದಲು ಪಂಚಾಯತಿನಲ್ಲಿ ವಿಚಾರಿಸಿ, ಕಾಗದ ಕೈಗೆ ಬಂದ ಮೇಲೆಯೇ ಟಿಪ್ಪರು ಕರೆಯಿರಿ.

ಇಷ್ಟು ಹೇಳಿದ್ದು ಮುಂದಿನ ಒಂದು ಮಾತಿಗಾಗಿ. ನಾವು ಗಂಟೆಗೆ ನೂರು ರೂಪಾಯಿ ಇಳಿಸಲು ಅರ್ಧ ದಿನ ಚರ್ಚೆ ಮಾಡುತ್ತೇವೆ. ಆದರೆ ಖರ್ಚು ನಿಶ್ಚಯವಾಗುವುದು ದರದಲ್ಲಲ್ಲ, ನೆಲವನ್ನು ಯಾವ ಮಟ್ಟಕ್ಕೆ ತರುತ್ತೀರಿ ಎಂಬುದರಲ್ಲಿ. ಅದೇ ಜಾಗದಲ್ಲಿ 6 ಅಡಿಯ ಬದಲು 3 ಅಡಿ ಮಾತ್ರ ಕಡಿಯಿರಿ. ಆಗ ಕಡಿಯುವುದು ಮೇಲಿನ 20 ಅಡಿ ಅಗಲವನ್ನು ಮಾತ್ರ, ಸರಾಸರಿ ಆಳ ಒಂದೂವರೆ ಅಡಿ. 60 ಗುಣಿಸು 20 ಗುಣಿಸು ಒಂದೂವರೆ: 1,800 ಘನ ಅಡಿ. ಆಳ ಅರ್ಧವಾಯಿತು, ಮಣ್ಣು ಕಾಲು ಭಾಗಕ್ಕಿಳಿಯಿತು! ಆ ಮಣ್ಣನ್ನು ಕೆಳಗಿನ ಅರ್ಧಕ್ಕೆ ತುಂಬಿಸಿದರೆ ಟಿಪ್ಪರೇ ಬೇಡ.

ಹಾಗೆಂದು ಇದು ಪುಕ್ಕಟೆಯಲ್ಲ. ತುಂಬಿಸಿದ ಮಣ್ಣಿನ ಮೇಲೆ ಗೋಡೆ ಎಬ್ಬಿಸಬಾರದು. ಆ ಕಡೆಯ ಪಂಚಾಂಗವನ್ನು ಹಳೆಯ ಗಟ್ಟಿ ನೆಲದವರೆಗೆ ಇಳಿಸಬೇಕು, ಅಂಚಿಗೆ ಕಲ್ಲಿನ ಕಟ್ಟೆ ಬೇಕು, ಮಣ್ಣನ್ನು ಅರ್ಧರ್ಧ ಅಡಿ ಹಾಕಿ ನೀರು ಬಿಟ್ಟು ದಮ್ಮಸ್ಸು ಮಾಡಬೇಕು. ಈ ಖರ್ಚನ್ನೂ ಬರೆದು ಎರಡನ್ನು ಹೋಲಿಸಿ ನೋಡಿ. ಹೋಲಿಸುವಾಗ ಇನ್ನೊಂದನ್ನು ಮರೆಯಬೇಡಿ: 6 ಅಡಿ ಕಡಿದಲ್ಲಿ ಹಿಂದೆ 6 ಅಡಿಯ ಧರೆ ನಿಲ್ಲುತ್ತದೆ. ನಮ್ಮ ಗುಡ್ಡೆಗಳಲ್ಲಿ ಮೇಲೆ ಮುರಕಲ್ಲು, ಅಡಿಯಲ್ಲಿ ಶೇಡಿಮಣ್ಣು. 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಈ ಮುರಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕನನ್. ಲ್ಯಾಟಿನಿನಲ್ಲಿ 'ಲೇಟರ್' ಎಂದರೆ ಇಟ್ಟಿಗೆ. ಕಡಿಯುವಾಗ ಮೆತ್ತಗೆ, ಗಾಳಿಗೆ ಗಟ್ಟಿ. ಶೇಡಿ ಇದಕ್ಕೆ ಉಲ್ಟಾ: ಬೇಸಿಗೆಯಲ್ಲಿ ಗೋಡೆಯಂತೆ ನಿಲ್ಲುತ್ತದೆ, ಆಷಾಢದ ನೀರು ಕುಡಿದರೆ ಜಾರುತ್ತದೆ. ಹೆದ್ದಾರಿ 66ರ ಕೆಲಸಕ್ಕಾಗಿ ಕಡಿದ ನಮ್ಮ ಜಿಲ್ಲೆಯ ಚೆರುವತ್ತೂರಿನ ವೀರಮಲೆ ಗುಡ್ಡ 2025ರ ಜುಲೈಯಲ್ಲಿ ರಸ್ತೆಗೇ ಕುಸಿಯಿತು. ಅಡುಗೆಮನೆಯ ಹಿಂದಿನ ಧರೆ ಸಣ್ಣದು, ಆದರೆ ಅದರ ಬುಡದಲ್ಲಿ ನಾವು ಮಲಗುತ್ತೇವೆ. ಆ ಧರೆಗೆ ಕಟ್ಟುವ ಗೋಡೆಯ ಖರ್ಚೂ ಮಣ್ಣಿನ ಖರ್ಚೇ.

ಘನ ಅಡಿಯ ಲೆಕ್ಕದಲ್ಲಿ ಕಂತ್ರಾಟು ಕೊಟ್ಟರೆ ನಡುವೆ ಒಂದು ಸಾಕ್ಷಿಗುಡ್ಡೆ ಬಿಡಿಸಿ. ಹುಲ್ಲು ಸಮೇತ ಹಳೆಯ ನೆಲದ ಒಂದು ತುಂಡನ್ನು ಕಂಬದಂತೆ ಉಳಿಸುವುದು. ಕಡಿದ ಆಳ ಎಷ್ಟೆಂದು ಅದೇ ಹೇಳುತ್ತದೆ. ಅಳತೆ ಇಬ್ಬರೂ ಒಪ್ಪಿದ ಮೇಲೆಯೇ ಅದನ್ನು ತೆಗೆಸಿ.

ಬಾವಿಯ ಮಾತು ಚುಟುಕಾಗಿ. ಅಡ್ಡಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ 0.785ರಿಂದ ಗುಣಿಸಿದರೆ ಒಂದಡಿ ಆಳದ ಮಣ್ಣು ಸಿಗುತ್ತದೆ. 10 ಅಡಿಯ ಬಾವಿಗೆ ಅಡಿಗೆ 78.5 ಘನ ಅಡಿ, 12 ಅಡಿಯದಕ್ಕೆ 113. ಅಗಲ ಎರಡೇ ಅಡಿ ಹೆಚ್ಚಾದರೂ ಮಣ್ಣು ಹೆಚ್ಚುಕಡಿಮೆ ಒಂದೂವರೆ ಪಾಲು.

ಬಾವಿ, ಸುರಂಗಗಳಿಗೆ ನಮ್ಮಲ್ಲಿ ದರ ಕೋಲಿನ ಲೆಕ್ಕದಲ್ಲಿ. ಕೋಲೆಂದರೆ ಎರಡೂವರೆ ಅಡಿ ಎನ್ನುವವರಿದ್ದಾರೆ, 72 ಸೆಂಟಿಮೀಟರ್ ಎನ್ನುವವರೂ ಇದ್ದಾರೆ. 20 ಕೋಲಿಗೆ ಮೊದಲನೆಯದು 50 ಅಡಿ, ಎರಡನೆಯದು 47 ಅಡಿ ಚಿಲ್ಲರೆ. ನೀರು ಆ ಮೂರಡಿಯ ಕೆಳಗೇ ಇರಬಹುದು. ಆದುದರಿಂದ ಮುಂಗಡ ಕೊಡುವ ದಿನವೇ ಒಂದು ಸರಳಿಗೆ ಕೋಲಿನ ಗುರುತು ಹಾಕಿ, ಇಬ್ಬರೂ ನೋಡಿ, ಬಾವಿಯ ಕೆಲಸ ಮುಗಿಯುವ ತನಕ ಮನೆಯ ಜಗಲಿಯಲ್ಲಿ ನಿಲ್ಲಿಸಿಡಿ.