ನೆಲದೊಳಗಿನ ಮಣ್ಣುಸವೆತ: ಸದ್ದು ಹಿಡಿದು ಪತ್ತೆ ಮಾಡುವುದು ಹೇಗೆ?

ಕಲಬುರಗಿ ಜಿಲ್ಲೆಯ ನಾಲವಾರದಿಂದ ವಾಡಿ, ಶಹಾಬಾದ್, ಸೇಡಂವರೆಗೂ ಮೇಲೆ ಎರೆಮಣ್ಣು, ಅಡಿಯಲ್ಲಿ ಪದರು ಪದರಾದ ಸುಣ್ಣದಕಲ್ಲು. ಮನೆಗೆ ಹಾಸುವ ಫರಸಿ, ಸಿಮೆಂಟ್ ಕಾರ್ಖಾನೆಗೆ ಹೋಗುವ ಕಲ್ಲು ಎರಡೂ ಇಲ್ಲಿಯವೇ. ಬೇಸಿಗೆಯಲ್ಲಿ ಎರೆ ಬಿರಿಯುತ್ತದೆ. ಬಿರುಕಿಗಿಳಿದ ಮಳೆನೀರಿಗೆ ಕಲ್ಲಿನ ಸಂದು ಸಿಕ್ಕರೆ ಅದು ಮಣ್ಣನ್ನೂ ಕೊಚ್ಚಿಕೊಂಡು ಹೋಗಬಲ್ಲದು. ಮೇಲೆ ತೊಗರಿ ಹಸಿರಾಗಿಯೇ ನಿಂತಿರುವಾಗ ಒಳಗೆ ಪೊಳ್ಳು ಬೆಳೆಯುತ್ತಿರಬಹುದು. ಕೆರೆ ಏರಿ, ರಸ್ತೆ, ರೈಲು ಹಳಿಗಳಿಗೆ ಇಂಥ ಪೊಳ್ಳು ಅಪಾಯಕಾರಿ.

ಅಗೆಯದೆ ಇದನ್ನು ತಿಳಿಯಲು ಸದ್ದಿನ ಅಲೆ ನೆರವಾಗುತ್ತದೆ. ಅದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್, ನೀರಿನಲ್ಲಿ 1,500 ಮೀಟರ್, ಗಟ್ಟಿ ಸುಣ್ಣದಕಲ್ಲಿನಲ್ಲಿ 3,000 ಮೀಟರಿಗೂ ಹೆಚ್ಚು ಸಾಗುತ್ತದೆ. ಸಡಿಲ ಮಣ್ಣಿನಲ್ಲಿ ಕೆಲವೇ ನೂರು ಮೀಟರ್.

ನೆಲದ ಮೇಲೆ ಜಿಯೋಫೋನುಗಳನ್ನು ಒಂದೆರಡು ಮೀಟರ್ ಅಂತರದಲ್ಲಿ ಸಾಲಾಗಿ ಚುಚ್ಚುತ್ತಾರೆ. ಪ್ರತಿಯೊಂದರೊಳಗೂ ಅಯಸ್ಕಾಂತ, ಸ್ಪ್ರಿಂಗಿಗೆ ತೂಗುಬಿಟ್ಟ ತಂತಿಸುರುಳಿ. ನೆಲ ಕಂಪಿಸಿದರೆ ವಿದ್ಯುತ್ ಸಂಕೇತ ಹುಟ್ಟುತ್ತದೆ. ಸಾಲಿನ ತುದಿಯಲ್ಲಿ ಉಕ್ಕಿನ ತಟ್ಟೆ ಇಟ್ಟು ದೊಡ್ಡ ಸುತ್ತಿಗೆಯಿಂದ ಬಡಿಯುತ್ತಾರೆ. ಅಲೆ ಯಾವ ಜಿಯೋಫೋನಿಗೆ ಎಷ್ಟು ಹೊತ್ತಿಗೆ ಮುಟ್ಟಿತು ಎಂಬ ಲೆಕ್ಕದಿಂದ ಗಟ್ಟಿ ಜಾಗ, ಸಡಿಲ ಜಾಗ ತಿಳಿಯುತ್ತವೆ. ನಾಲವಾರದಂಥ ಕಡೆ ಹಾದುಹೋಗುವ ರೈಲಿನ ಕಂಪನವನ್ನೇ ಸುತ್ತಿಗೆಯ ಬದಲು ಬಳಸಬಹುದು.

ಒಂದು ಸಲದ ಅಳತೆ ಆ ದಿನದ ಸ್ಥಿತಿಯನ್ನಷ್ಟೇ ಹೇಳುತ್ತದೆ. ಹಸಿ ಮಣ್ಣು, ಒಣ ಮಣ್ಣುಗಳಲ್ಲಿ ವೇಗವೇ ಬೇರೆ. ಆದ್ದರಿಂದ ಅದೇ ಸಾಲಿನಲ್ಲಿ, ಅದೇ ಋತುವಿನಲ್ಲಿ, ವರ್ಷವರ್ಷವೂ ಅಳೆಯಬೇಕು. ಒಂದೇ ಜಾಗದಲ್ಲಿ ವೇಗ ಇಳಿಯುತ್ತಲೇ ಹೋದರೆ ಅಲ್ಲಿ ಮಣ್ಣು ಸಡಿಲಾಗುತ್ತಿದೆ ಎಂದು ಅನುಮಾನಿಸಿ, ಕೊರೆದು ಖಚಿತಪಡಿಸಿಕೊಳ್ಳಬೇಕು.

ಇದೇ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ 2021ರಲ್ಲಿ ನೆಲದೊಳಗಿಂದ ಸದ್ದು ಕೇಳಿಬಂದು ಜನ ಮನೆಯಿಂದ ಹೊರಗೆ ರಾತ್ರಿ ಕಳೆದರು. ಅಕ್ಟೋಬರ್ 11ರ ರಾತ್ರಿ 4.1 ತೀವ್ರತೆಯ ಕಂಪನ ದಾಖಲಾಯಿತು. ಅದು ಭೂಕಂಪನ, ಮಣ್ಣುಸವೆತವಲ್ಲ. ಆದರೂ ನೆಲದ ಸದ್ದನ್ನು ಯಂತ್ರವಿಟ್ಟು ಆಲಿಸುವುದು ಎಷ್ಟು ಅಗತ್ಯ ಎಂಬುದನ್ನು ಈ ಭಾಗಕ್ಕೆ ಅದು ಮನದಟ್ಟು ಮಾಡಿತು.

ಹೊಲದಲ್ಲಿ ದಿಢೀರನೆ ಗುಂಡಿ ಬಿದ್ದರೆ, ಏರಿಯ ಬುಡದಿಂದ ಕೆಸರು ನೀರು ಜಿನುಗಿದರೆ ಮಣ್ಣು ಸುರಿದು ಮುಚ್ಚಿ ಸುಮ್ಮನಾಗಬೇಡಿ. ಜಾಗ ಗುರುತಿಸಿ, ಫೋಟೊ ತೆಗೆದು, ತಾರೀಖು ಬರೆದಿಟ್ಟು ಗ್ರಾಮ ಪಂಚಾಯಿತಿಗೆ ಅಥವಾ ತಹಸೀಲ್ದಾರ್ ಕಚೇರಿಗೆ ತಿಳಿಸಿ. ಎಲ್ಲಿ ಅಳೆಯಬೇಕೆಂದು ತಜ್ಞರಿಗೆ ಮೊದಲು ತೋರಿಸಬಲ್ಲವರು ನೀವೇ.