ಇಪ್ಪತ್ತೈದು ಡಾಲರಿನ ಚಿಪ್

1975ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ‘ವೆಸ್ಕಾನ್’ ಎಂಬ ಎಲೆಕ್ಟ್ರಾನಿಕ್ಸ್ ಮೇಳ ನಡೆಯಿತು. ಮೇಳದ ಅಂಗಳದಲ್ಲಿ ಚಿಪ್ ಮಾರಲು ಅವಕಾಶವಿರಲಿಲ್ಲ. ಹಾಗಾಗಿ ಎಂ.ಓ.ಎಸ್. ಟೆಕ್ನಾಲಜಿ ಎಂಬ ಅಷ್ಟೇನೂ ಹೆಸರಿಲ್ಲದ ಕಂಪನಿಯವರು ಹೋಟೆಲೊಂದರಲ್ಲಿ ಕೋಣೆ ಹಿಡಿದು, ಗಾಜಿನ ಜಾಡಿಯಲ್ಲಿ ಚಿಪ್‌ಗಳನ್ನು ತುಂಬಿಟ್ಟು ಕುಳಿತರು. ಹೆಸರು 6502. ಬೆಲೆ 25 ಡಾಲರ್. ಮೇಲಿದ್ದವು ಸರಿಯಾದ ಚಿಪ್‌ಗಳು, ತಳದಲ್ಲಿದ್ದವು ಕೆಲಸ ಮಾಡದವು ಎಂದು ಅದರ ರೂವಾರಿ ಚಕ್ ಪೆಡಲ್ ಅವರೇ ಎಷ್ಟೋ ಕಾಲದ ನಂತರ ಹೇಳಿಕೊಂಡರು. ಸಂತೆಯ ಹಣ್ಣಿನ ಬುಟ್ಟಿಯ ನ್ಯಾಯ ಅಲ್ಲಿಯೂ ಇತ್ತು!

ಬಂದವರಲ್ಲಿ ಹಲವರಿಗೆ ಇದು ಮೋಸವಿರಬೇಕೆಂಬ ಗುಮಾನಿ. ಅದಕ್ಕೆ ಕಾರಣವೂ ಇತ್ತು. ಹಿಂದಿನ ವರ್ಷವಷ್ಟೇ ಬಂದಿದ್ದ ಇಂಟೆಲ್‌ನ 8080 ಮತ್ತು ಮೊಟೊರೊಲಾದ 6800 ಮೈಕ್ರೊಪ್ರೊಸೆಸರ್‌ಗಳನ್ನು ಬಿಡಿಯಾಗಿ ಕೊಳ್ಳಲು 360 ಡಾಲರ್ ತೆರಬೇಕಾಗಿತ್ತು.

ಪೆಡಲ್ ಮೊದಲು ಮೊಟೊರೊಲಾದಲ್ಲೇ ಇದ್ದವರು. 6800ರ ಗುಣಗಳನ್ನು ವಿವರಿಸುತ್ತ ಊರೂರು ತಿರುಗಿದಾಗ ಗಿರಾಕಿಗಳು ತಲೆದೂಗುತ್ತಿದ್ದರು, ಬೆಲೆ ಕೇಳಿ ಹಿಂದೆ ಸರಿಯುತ್ತಿದ್ದರು. ಅಗ್ಗದ ಚಿಪ್ ಮಾಡೋಣವೆಂಬ ಅವರ ಸಲಹೆ ಮೇಲಿನವರಿಗೆ ಹಿಡಿಸಲಿಲ್ಲ. 1974ರಲ್ಲಿ ಬಿಲ್ ಮೆನ್ಶ್ ಮೊದಲಾದ ಸಂಗಡಿಗರೊಡನೆ ಅವರು ಪೆನ್ಸಿಲ್ವೇನಿಯಾದ ಈ ಸಣ್ಣ ಕಂಪನಿಗೆ ಬಂದರು.

ಬೆಲೆ ಇಳಿದದ್ದು ಹೇಗೆ? ದುಂಡನೆಯ ಸಿಲಿಕಾನ್ ಬಿಲ್ಲೆಯೊಂದರ ಮೇಲೆ ನೂರಾರು ಚಿಪ್‌ಗಳ ನಕ್ಷೆಯನ್ನು ಫೋಟೊ ಅಚ್ಚಿನಂತೆ ಮೂಡಿಸುತ್ತಾರೆ. ಬಿಲ್ಲೆಗೆ ತಗಲುವ ಖರ್ಚು ಹೆಚ್ಚುಕಡಿಮೆ ಒಂದೇ; ಅದರಲ್ಲಿ ಒಳ್ಳೆಯ ಚಿಪ್ ಎಷ್ಟು ಸಿಕ್ಕವು ಎಂಬುದರ ಮೇಲೆ ಲಾಭ ನಷ್ಟ. ಪೆಡಲ್ ತಂಡ ತೀರಾ ಅಗತ್ಯವಲ್ಲದ್ದನ್ನೆಲ್ಲ ಬಿಟ್ಟು ಚಿಪ್ಪನ್ನು ಕಿರಿದಾಗಿಸಿತು. ಇನ್ನೊಂದು, ‘ಮಾಸ್ಕ್’ ಎಂಬ ಅಚ್ಚಿನ ಹಾಳೆಯದು. ಅದರಲ್ಲೊಂದು ಚುಕ್ಕೆ ದೋಷವಿದ್ದರೂ ಅದು ಪ್ರತಿ ಬಿಲ್ಲೆಗೂ ಇಳಿಯುತ್ತದೆ. ಈ ದೋಷಗಳನ್ನು ಮಾಸ್ಕಿನಲ್ಲೇ ತಿದ್ದುವ ಕಲೆ ಎಂ.ಓ.ಎಸ್.ನವರಿಗೆ ಕರಗತವಾಗಿತ್ತು. ಬೇರೆಡೆ ಹತ್ತರಲ್ಲಿ ಏಳು ಕಸದ ಬುಟ್ಟಿಗೆ ಹೋಗುತ್ತಿದ್ದರೆ, ಇವರಿಗೆ ಹತ್ತರಲ್ಲಿ ಏಳು ದಕ್ಕುತ್ತಿದ್ದವು.

ಮೊಟೊರೊಲಾ ಕೋರ್ಟಿಗೆ ಹೋಯಿತು. 6800ರ ಜಾಗದಲ್ಲೇ ಕೂರಿಸಬಹುದಾಗಿದ್ದ 6501 ಎಂಬ ಜೋಡಿ ಚಿಪ್ಪನ್ನು ಎಂ.ಓ.ಎಸ್. ಹಿಂತೆಗೆದುಕೊಂಡು, 1976ರಲ್ಲಿ ಎರಡು ಲಕ್ಷ ಡಾಲರ್ ತೆತ್ತು ರಾಜಿಯಾಯಿತು. ಹೈರಾಣಾದ ಕಂಪನಿಯನ್ನು ಅದೇ ವರ್ಷ ಕಮೊಡೋರ್ ಕೊಂಡುಕೊಂಡಿತು. 6502 ಮಾತ್ರ ಉಳಿಯಿತು.

ಆ ಮೇಳದಲ್ಲಿ ಚಿಪ್ ಕೊಂಡ ತರುಣರಲ್ಲಿ ಸ್ಟೀವ್ ವೋಜ್ನಿಯಾಕ್ ಒಬ್ಬರು. ಅವರ ಆಪಲ್ ಕಂಪ್ಯೂಟರಿಗೆ ಅದೇ ಮಿದುಳಾಯಿತು. ಬ್ರಿಟನ್ನಿನ ಏಕಾರ್ನ್ ಕಂಪನಿಯ ‘ಬಿಬಿಸಿ ಮೈಕ್ರೊ’ ಕೂಡ ಇದರಿಂದಲೇ ನಡೆಯುತ್ತಿತ್ತು. 1984ರಲ್ಲಿ ಭಾರತ ಸರ್ಕಾರದ ‘ಕ್ಲಾಸ್’ ಯೋಜನೆಯಡಿ ನಮ್ಮ ಶಾಲೆಗಳಿಗೆ ಬಂದದ್ದು ಈ ಬಿಬಿಸಿ ಯಂತ್ರವೇ. ಹೀಗೆ ಇಲ್ಲಿನ ಎಷ್ಟೋ ಮಕ್ಕಳು ಮುಟ್ಟಿದ ಮೊದಲ ಕಂಪ್ಯೂಟರಿನೊಳಗೆ 6502 ಇತ್ತು.

1983ರಲ್ಲಿ ಏಕಾರ್ನ್‌ನ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಅರಿಜೋನಾದಲ್ಲಿದ್ದ ಮೆನ್ಶ್ ಅವರನ್ನು ಕಾಣಲು ಹೋದರು. 6502ರ ಮುಂದಿನ ಚಿಪ್ಪನ್ನು ದೊಡ್ಡ ಕಾರ್ಖಾನೆಯಲ್ಲಿ ರೂಪಿಸುತ್ತಿರಬಹುದೆಂದು ಅವರ ಎಣಿಕೆ. ಅಲ್ಲಿ ಕಂಡದ್ದು ಬೆರಳೆಣಿಕೆಯ ಮಂದಿ. ಇಷ್ಟು ಜನ ಮಾಡುವುದಾದರೆ ನಾವೇಕೆ ಮಾಡಬಾರದೆಂದುಕೊಂಡು ಇಬ್ಬರೂ ಊರಿಗೆ ಮರಳಿದರು. 1985ರ ಏಪ್ರಿಲಿನಲ್ಲಿ ಅವರ ‘ಆರ್ಮ್’ ಚಿಪ್ ಚಾಲೂ ಆಯಿತು. ಇಂದು ಕಿಸೆಯ ಮೊಬೈಲಿನಲ್ಲಿರುವುದು ಅದರ ಸಂತತಿ.