ಲೋಕದ ಭೂಗೋಳಜ್ಞಾನವನ್ನು ಪರೀಕ್ಷಿಸುವ ಬಗೆ

ವಾರ್ಷಿಕ ಪರೀಕ್ಷೆಗಳ ಹೊರತಾಗಿ ನಮ್ಮ ಶಾಲೆಯಲ್ಲಿ ಪ್ರತಿ ವರ್ಷವೂ ಲೋಕದ ಭೂಗೋಳವನ್ನು ಕುರಿತು ಒಂದು ಸಾಮಾನ್ಯಜ್ಞಾನ ಪರೀಕ್ಷೆಯನ್ನು ನಡಿಸುತ್ತಿರುವುದು ಹಳೆಯ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ತಿಳಿದ ಸಂಗತಿಯೇ ಆಗಿದೆ. ಇದರ ವಿಷಯದಲ್ಲಿ ತಾಯಿತಂದೆಗಳು ನಮ್ಮನ್ನು ಮುಖ್ಯವಾಗಿ ಎರಡು ಮಾತು ಕೇಳುತ್ತಾರೆ. ಇದರಿಂದ ಹತ್ತನೆಯ ತರಗತಿಯ ಸರಕಾರಿ ಪರೀಕ್ಷೆಯಲ್ಲಿ ಎಷ್ಟು ಅಂಕಗಳು ಹೆಚ್ಚುವುವು ಎಂಬುದು ಒಂದು. ಫೋನಿನಲ್ಲಿ ಕ್ಷಣಮಾತ್ರದಲ್ಲಿ ಸಿಕ್ಕುವ ರಾಜಧಾನಿಗಳ ಹೆಸರುಗಳನ್ನು ಮಕ್ಕಳು ಬಾಯಿಪಾಠ ಮಾಡಬೇಕಾದದ್ದೇಕೆ ಎಂಬುದು ಇನ್ನೊಂದು. ಎರಡೂ ನ್ಯಾಯವಾದ ಪ್ರಶ್ನೆಗಳಾದುದರಿಂದ ಈ ಸ್ಮರಣ ಸಂಚಿಕೆಯಲ್ಲಿ ಅವುಗಳಿಗೆ ಉತ್ತರ ಕೊಡುವುದು ನಮ್ಮ ಕರ್ತವ್ಯವೆಂದು ತಿಳಿದಿದ್ದೇವೆ.

ಮೊದಲನೆಯ ಪ್ರಶ್ನೆಗೆ ಉತ್ತರವು ಚಿಕ್ಕದು. ಹತ್ತನೆಯ ತರಗತಿಯ ಭೂಗೋಳಪಾಠಗಳು ಬಹುಮಟ್ಟಿಗೆ ಭಾರತಕ್ಕೆ ಸಂಬಂಧಪಟ್ಟವುಗಳು. ಆದುದರಿಂದ ಲೋಕದ ಭೂಗೋಳವನ್ನು ಬಲ್ಲವಳಿಗೆ ಅಲ್ಲಿ ಹೆಚ್ಚು ಅಂಕಗಳು ಬರುವುವೆಂದು ನಾವು ಯಾರಿಗೂ ಆಶೆ ತೋರಿಸುವುದಿಲ್ಲ. ಈ ಜ್ಞಾನದ ಪ್ರಯೋಜನವು ಶಾಲೆಯ ಬಾಗಿಲನ್ನು ದಾಟಿದ ಮೇಲೆ ಕಾಣಬರತಕ್ಕದ್ದು. ಎರಡನೆಯ ಪ್ರಶ್ನೆಗೆ ತುಸು ವಿಸ್ತಾರವಾದ ಉತ್ತರವು ಬೇಕು.

ಬರಿಯ ಹೆಸರುಗಳ ಪಟ್ಟಿಯನ್ನು ಒಪ್ಪಿಸುವುದೇ ಭೂಗೋಳಜ್ಞಾನವಲ್ಲವೆಂದು ನಾವೂ ಒಪ್ಪುತ್ತೇವೆ. ಯಾಕಂದರೆ ಹೆಸರುಗಳು ಸ್ಥಿರವಾದವುಗಳಲ್ಲ. ನಮ್ಮ ಹಿರಿಯ ವಿದ್ಯಾರ್ಥಿನಿಯರು ನಕಾಶೆಯಲ್ಲಿ ಬಣ್ಣ ತುಂಬಿದ ಸೋವಿಯತ್ ಒಕ್ಕೂಟವು ೧೯೯೧ರಲ್ಲಿ ಇಲ್ಲವಾಯಿತು. ಬರ್ಮಾ ದೇಶದ ರಾಜಧಾನಿ ರಂಗೂನು ಎಂದು ಅವರು ಕಲಿತಿದ್ದರು. ಈಗ ಅದು ನೇಪಿಡಾ. ೨೦೧೧ರಲ್ಲಿ ದಕ್ಷಿಣ ಸುಡಾನ್ ಸ್ವತಂತ್ರವಾಗಿ ವಿಶ್ವಸಂಸ್ಥೆಯ ೧೯೩ನೆಯ ಸದಸ್ಯರಾಷ್ಟ್ರವಾಯಿತು. ೨೦೧೮ರಲ್ಲಿ ಸ್ವಾಜಿಲೆಂಡ್ ಎಂಬುದು ಎಸ್ವಾಟಿನಿ ಆಯಿತು. ಕಜಾಕಸ್ತಾನದ ರಾಜಧಾನಿಯಾದ ಅಸ್ತಾನಾವು ೨೦೧೯ರಲ್ಲಿ ನೂರ್ ಸುಲ್ತಾನ್ ಎಂಬ ಹೆಸರನ್ನು ಪಡೆದು ೨೦೨೨ರಲ್ಲಿ ಮತ್ತೆ ಅಸ್ತಾನಾ ಆಯಿತು. ಹೀಗಿರುವಲ್ಲಿ ಹೆಸರುಗಳನ್ನು ಮಾತ್ರ ನಂಬಿದವಳ ಜ್ಞಾನವು ಕಳೆದ ವರ್ಷದ ಪಂಚಾಂಗದಂತೆ ಆಗುವುದು.

ಆದರೂ ಹೆಸರುಗಳನ್ನು ಕಲಿಯದೆ ಇರಲಾಗದು. ಅಕ್ಷರಗಳನ್ನು ಕಲಿಯದೆ ಓದು ಹೇಗೆ ಬರಲಾರದೋ ಹಾಗೆಯೇ ಖಂಡ, ಸಾಗರ, ದೇಶ, ನದಿಗಳ ಹೆಸರುಗಳಿಲ್ಲದೆ ಲೋಕದ ವರ್ತಮಾನವು ಮನಸ್ಸಿಗೆ ಹತ್ತಲಾರದು. ಫೋನಾದರೋ ಕೇಳಿದವರಿಗೆ ಮಾತ್ರ ಹೇಳುವುದು. ಏನೂ ತಿಳಿಯದವಳಿಗೆ ಕೇಳಬೇಕೆಂಬ ಬುದ್ಧಿಯೇ ಹುಟ್ಟುವುದಿಲ್ಲ. ಆದುದರಿಂದ ನಮ್ಮ ಪರೀಕ್ಷೆಯನ್ನು ನಾಲ್ಕು ಮೆಟ್ಟಲುಗಳಾಗಿ ಏರ್ಪಡಿಸಿದ್ದೇವೆ: ಹೆಸರು, ಸ್ಥಾನ, ಕಾರಣ, ಸಂಬಂಧ. ಹೆಸರಿನ ಮೆಟ್ಟಲಿಗೆ ನಾಲ್ಕರಲ್ಲಿ ಒಂದು ಪಾಲು ಅಂಕಗಳು ಮಾತ್ರ. ಉಳಿದ ಮೂರನ್ನು ನಮ್ಮ ಸೀಮೆಯ ಉದಾಹರಣೆಗಳಿಂದಲೇ ವಿವರಿಸುವೆವು.

ಸ್ಥಾನವೆಂದರೆ ಒಂದು ಊರು ಯಾವ ದಿಕ್ಕಿನಲ್ಲಿ, ಎಷ್ಟು ದೂರದಲ್ಲಿ, ಯಾವುದರ ನೆರೆಯಲ್ಲಿ ಇದೆ ಎಂಬ ತಿಳುವಳಿಕೆ. ಕಾಪುವಿನ ದೀಪಸ್ತಂಭವು ೧೯೦೧ರಲ್ಲಿ ಕಟ್ಟಲ್ಪಟ್ಟುದು. ಅದರ ಬಳಿಯಿಂದ ಎಡಕ್ಕೂ ಬಲಕ್ಕೂ ತಿರುಗದೆ ನೇರವಾಗಿ ಪಡುವಣಕ್ಕೆ ಹಡಗನ್ನು ನಡಿಸಿದರೆ ಮೊದಲು ಸಿಕ್ಕುವ ದೇಶ ಯಾವುದು? ಈ ಪ್ರಶ್ನೆಗೆ ಹೆಚ್ಚಿನ ಬಾಲಿಕೆಯರು ದುಬಾಯಿ ಎಂದು ಬರೆಯುತ್ತಾರೆ. ದುಬಾಯಿಯು ೨೫ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಅಂದರೆ ನಮಗೆ ಬಹಳ ಬಡಗಣಕ್ಕೆ ಇದೆ. ಕಾಪುವು ೧೩ ಡಿಗ್ರಿಗೆ ತುಸು ಮೇಲಿರುವುದರಿಂದ ಆ ಹಡಗು ೩,೦೦೦ ಕಿಲೋಮೀಟರಿಗೂ ಹೆಚ್ಚು ದೂರ ಹೋಗಿ ಯೆಮೆನ್ ದೇಶದ ಕರಾವಳಿಯನ್ನು ಏಡನ್ ಪಟ್ಟಣದ ಸಮೀಪದಲ್ಲಿ ಮುಟ್ಟುವುದು. ಹಾಗೆಯೇ ಕಾರ್ಕಳದಿಂದ ನೇರವಾಗಿ ಮೂಡಣಕ್ಕೆ ಗೆರೆ ಎಳೆದರೆ ಅದು ಚೆನ್ನೈ ನಗರದ ಸಮೀಪದಲ್ಲಿ ಕಡಲಿಗಿಳಿದು, ಉತ್ತರ ಅಂಡಮಾನ್ ದ್ವೀಪವನ್ನು ಹಾದು, ಪೆಸಿಫಿಕ್ ಸಾಗರದ ಗುವಾಮ್ ದ್ವೀಪದ ತೆಂಕಣ ತುದಿಯ ಕಡೆಗೆ ಹೋಗುವುದು; ಇನ್ನೂ ಮುಂದರಿದರೆ ಮಧ್ಯ ಅಮೆರಿಕವನ್ನು ದಾಟಿ ಆಫ್ರಿಕದ ಗಾಂಬಿಯ ದೇಶಕ್ಕೆ ಬರುವುದು. ಒಂದೇ ಗೆರೆಯ ಮೇಲಿರುವ ಈ ನಾಡುಗಳಲ್ಲೆಲ್ಲ ಮಧ್ಯಾಹ್ನದ ಸೂರ್ಯನು ನಮ್ಮಲ್ಲಿರುವಷ್ಟೇ ಎತ್ತರಕ್ಕೆ ಏರುತ್ತಾನೆ.

ಸ್ಥಾನವನ್ನು ಕಲಿಸುವಾಗ ಗೋಡೆಯ ನಕಾಶೆಯನ್ನು ಪೂರ್ಣವಾಗಿ ನಂಬಬಾರದೆಂದೂ ಕಲಿಸಬೇಕಾಗುವುದು. ೧೫೬೯ರಲ್ಲಿ ಮರ್ಕೇಟರ್ ಎಂಬವನು ನಾವಿಕರ ಉಪಯೋಗಕ್ಕಾಗಿ ರಚಿಸಿದ ಮಾದರಿಯ ನಕಾಶೆಯಲ್ಲಿ ಗ್ರೀನ್‌ಲೆಂಡ್ ದ್ವೀಪವು ಆಫ್ರಿಕ ಖಂಡದಷ್ಟೇ ದೊಡ್ಡದಾಗಿ ಕಾಣುವುದು. ನಿಜವಾಗಿ ಆಫ್ರಿಕವು ಅದಕ್ಕಿಂತ ಸುಮಾರು ೧೪ ಪಾಲು ದೊಡ್ಡದು. ನಮ್ಮ ಭಾರತವೇ ಅದರ ಒಂದೂವರೆಯಷ್ಟಿದೆ. ಇದರ ಕಾರಣವನ್ನು ತಿಳಿಯಲು ಒಂದು ಚಕ್ಕೋತದ ಸಿಪ್ಪೆಯನ್ನು ಇಡಿಯಾಗಿ ಬಿಡಿಸಿ ಮೇಜಿನ ಮೇಲೆ ಚಪ್ಪಟೆಯಾಗಿ ಹರಡಲು ಪ್ರಯತ್ನಿಸಿದರೆ ಸಾಕು. ಹರಿಯದೆ ಅಥವಾ ಎಳೆಯದೆ ಅದು ಹರಡಲಾರದು. ಉರುಟಾದ ಭೂಮಿಯನ್ನು ಕಾಗದದ ಮೇಲೆ ಇಳಿಸುವಾಗಲೂ ಹೀಗೆಯೇ ಎಲ್ಲಿಯಾದರೂ ಎಳೆತ ಬರುವುದು. ಆದುದರಿಂದ ಪ್ರತಿಯೊಂದು ಮನೆಯಲ್ಲಿಯೂ ಒಂದು ಚಿಕ್ಕ ಭೂಗೋಲವಿರುವುದು ಒಳ್ಳೆಯದು.

ಮೂರನೆಯ ಮೆಟ್ಟಲಾದ ಕಾರಣವು ಬುದ್ಧಿಯ ಪರೀಕ್ಷೆಯಾಗಿದೆ. ಉಡುಪಿಯಲ್ಲಿ ವರ್ಷಕ್ಕೆ ಸರಾಸರಿ ೪,೦೦೦ ಮಿಲಿಮೀಟರಿಗೂ, ಘಟ್ಟದ ನೆತ್ತಿಯ ಆಗುಂಬೆಯಲ್ಲಿ ೭,೦೦೦ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವುದು. ಘಟ್ಟವನ್ನಿಳಿದು ಮೂಡಣದ ಬಯಲುಸೀಮೆಗೆ ಹೋದರೆ ಮಳೆ ತೀರಾ ಕಡಿಮೆ. ಕಡಲಿನಿಂದ ಬರುವ ತೇವದ ಗಾಳಿಯು ಘಟ್ಟವನ್ನು ಏರುವಾಗ ತಣಿದು ನೀರನ್ನು ಸುರಿಸಿಬಿಡುವುದೇ ಇದಕ್ಕೆ ಕಾರಣ. ಇದನ್ನು ಆಗುಂಬೆಯಲ್ಲಿ ಅರಿತವಳು ನಕಾಶೆಯನ್ನು ನೋಡಿ, ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಒಂದು ಮಗ್ಗುಲಲ್ಲಿ ಕಾಡೂ ಇನ್ನೊಂದು ಮಗ್ಗುಲಲ್ಲಿ ಒಣನೆಲವೂ ಇರುವುದೇಕೆಂದು ತಾನೇ ಊಹಿಸಬಲ್ಲಳು. ಇದಲ್ಲದೆ, ಆಗುಂಬೆಯ ಪಡುವಣ ಮಗ್ಗುಲಿಗೆ ಬಿದ್ದ ಹನಿಯು ಸೀತಾ ನದಿಯನ್ನು ಸೇರಿ ಅರಬ್ಬೀ ಸಮುದ್ರಕ್ಕೆ ಬೇಗನೆ ಇಳಿಯುವುದು. ಮೂಡಣ ಮಗ್ಗುಲಿಗೆ ಬಿದ್ದದ್ದು ತುಂಗೆ, ತುಂಗಭದ್ರೆ, ಕೃಷ್ಣೆಗಳ ದಾರಿಯಾಗಿ ಇಡೀ ದಖ್ಖಣವನ್ನು ದಾಟಿ ಬಂಗಾಳ ಕೊಲ್ಲಿಯನ್ನು ಮುಟ್ಟುವುದು.

ಗಡಿಯಾರದಲ್ಲಿಯೂ ಭೂಗೋಳವಿದೆ. ಭಾರತದ ಸಮಯವು ೮೨ ಡಿಗ್ರಿ ೩೦ ಮಿನಿಟು ರೇಖಾಂಶಕ್ಕೆ ಹೊಂದಿದ್ದು. ಉಡುಪಿಯು ಸುಮಾರು ೭೪ ಡಿಗ್ರಿ ೪೫ ಮಿನಿಟಿನಲ್ಲಿದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದ ಮೇರೆಗೆ ಲೆಕ್ಕಹಾಕಿದರೆ ನಮ್ಮ ಸೂರ್ಯನು ಗಡಿಯಾರಕ್ಕಿಂತ ಸುಮಾರು ಅರ್ಧ ಗಂಟೆ ಹಿಂದೆ. ಏಪ್ರಿಲ್ ೨೫ರ ಸುಮಾರಿಗೆ, ಮತ್ತು ಆಗಸ್ಟ್ ೧೮ರ ಸುಮಾರಿಗೆ ಮೋಡವಿಲ್ಲದಿದ್ದರೆ, ಶಾಲೆಯ ಅಂಗಳದಲ್ಲಿ ಒಂದು ಕೋಲನ್ನು ನೆಟ್ಟು ನೋಡಿದರೆ ಅದರ ನೆರಳು ಮಾಯವಾಗುವುದು ಹನ್ನೆರಡು ಗಂಟೆಗಲ್ಲ, ಹನ್ನೆರಡೂವರೆಯ ಸುಮಾರಿಗೆ.

ನಾಲ್ಕನೆಯ ಮೆಟ್ಟಲು ಸಂಬಂಧ: ಆ ದೂರದ ನಾಡಿಗೂ ನಮಗೂ ಏನು ಕೊಡುಕೊಳ್ಳುವಿಕೆ? ಗೇರುಮರವು ಬ್ರೆಜಿಲ್ ದೇಶದ್ದು; ಪೋರ್ತುಗೀಸರು ಅದನ್ನು ನಮ್ಮ ಕರಾವಳಿಗೆ ತಂದರು. ನಮ್ಮ ಪದಾರ್ಥದ ಒಣಮೆಣಸೂ ಅಮೆರಿಕ ಖಂಡದಿಂದಲೇ ಬಂದುದು. ಅದಕ್ಕೆ ಮುಂಚೆ ನಮ್ಮ ಅಡಿಗೆಗೆ ಖಾರವನ್ನು ಕೊಡುತ್ತಿದ್ದುದು ಒಳ್ಳೆಮೆಣಸು. ಈಗ ಕಾರ್ಕಳದ ಗೇರುಬೀಜದ ಕಾರ್ಖಾನೆಗಳಿಗೆ ನಮ್ಮ ಗುಡ್ಡಗಳ ಬೀಜವು ಸಾಲದೆ ಐವರಿ ಕೋಸ್ಟ್, ಟಾಂಜಾನಿಯ ಮೊದಲಾದ ಆಫ್ರಿಕದ ದೇಶಗಳಿಂದ ಹಸಿಬೀಜವು ಬರುತ್ತಿದೆ. ಟಾಂಜಾನಿಯವು ಭೂಮಧ್ಯರೇಖೆಯ ತೆಂಕಣಕ್ಕಿರುವುದರಿಂದ ಅಲ್ಲಿಯ ಬೆಳೆಯು ನಮ್ಮಲ್ಲಿ ಬೆಳೆಯಿಲ್ಲದ ಅಕ್ಟೋಬರದಿಂದ ಮೊದಲಾಗುವುದು. ಆಫ್ರಿಕದ ಮಳೆಯು ತಪ್ಪಿದರೆ ಕಾರ್ಕಳದಲ್ಲಿ ಬೀಜ ಸುಲಿಯುವ ತಾಯಿಯ ಕೂಲಿಗೆ ಅದು ಮುಟ್ಟುವುದೆಂದು ಅವಳ ಮಗಳು ತಿಳಿಯಬೇಡವೇ?

ನಮ್ಮ ಮಾಡಿನ ಹಂಚೂ ಒಂದು ಪಾಠವೇ. ಬಾಸೆಲ್ ಮಿಶನಿನವರು ೧೮೬೫ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಮಂಗಳೂರು ಹಂಚು ಸಿಲೋನ್, ಬರ್ಮಾ, ಪೂರ್ವ ಆಫ್ರಿಕಗಳಿಗೂ ಹಡಗೇರಿ ಹೋಯಿತು. ಆ ಮಿಶನಿನ ಮೊದಲನೆಯ ಮೂವರು ೧೮೩೪ರಲ್ಲಿ ಮಂಗಳೂರಿಗೆ ಬಂದಾಗ ಸುಯೆಜ್ ಕಾಲುವೆ ಇರಲಿಲ್ಲ; ಅದು ತೆರೆದದ್ದು ೧೮೬೯ರಲ್ಲಿ. ಆದುದರಿಂದ ಅವರ ಹಡಗು ಆಫ್ರಿಕದ ತೆಂಕಣ ತುದಿಯನ್ನು ಸುತ್ತಿ ಬರಬೇಕಾಯಿತು. ಮಲ್ಪೆಯೆದುರಿನ ಸೈಂಟ್ ಮೇರೀಸ್ ದ್ವೀಪದ ಕಂಬಗಳಂಥ ಬಂಡೆಗಳಾದರೋ ಇನ್ನೂ ಹಳೆಯ ಸಂಬಂಧವನ್ನು ಹೇಳುತ್ತವೆ. ಸುಮಾರು ಒಂಬತ್ತು ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ದ್ವೀಪವು ಭಾರತದಿಂದ ಬೇರ್ಪಟ್ಟ ಕಾಲದ ಕಾದ ಶಿಲಾರಸವು ತಣಿದು ಅವು ಉಂಟಾದುವು. ಇನ್ನು ಮಣಿಪಾಲದಲ್ಲಿ ೧೯೫೩ರಲ್ಲಿ ವೈದ್ಯಕೀಯ ಕಾಲೇಜು ಸ್ಥಾಪಿತವಾದಂದಿನಿಂದ ಆ ಮುರಕಲ್ಲಿನ ಗುಡ್ಡಕ್ಕೆ ಲೋಕವೇ ನಡೆದುಬಂದಿದೆ. ಅಲ್ಲಿ ಎದುರಾದ ಪರದೇಶದ ವಿದ್ಯಾರ್ಥಿನಿಯು ಮಲೇಶಿಯದವಳೆಂದು ತಿಳಿದಾಗ ಆ ದೇಶವು ನಕಾಶೆಯಲ್ಲಿ ಎಲ್ಲಿದೆಯೆಂದು ತೋರಿಸಬಲ್ಲ ಬಾಲಿಕೆಗೆ ಮಾತು ತೊಡಗಿಸಲು ಧೈರ್ಯ ಬರುವುದು.

ಪರೀಕ್ಷಿಸುವ ಕ್ರಮದ ವಿಷಯವಾಗಿ ಒಂದು ಮಾತು. ಮೂರು ಉತ್ತರಗಳಲ್ಲಿ ಒಂದನ್ನು ಆರಿಸುವ ಪ್ರಶ್ನೆಯಲ್ಲಿ ಕಣ್ಣುಮುಚ್ಚಿ ಗೆರೆ ಎಳೆದವಳಿಗೂ ಮೂರಕ್ಕೊಂದು ಪಾಲು ಸರಿಯುತ್ತರ ಬರುವುದು. ಸ್ವೀಡನ್ ದೇಶದ ವೈದ್ಯರಾದ ಹಾನ್ಸ್ ರೋಸ್ಲಿಂಗ್ ಎಂಬವರ ಗ್ಯಾಪ್‌ಮೈಂಡರ್ ಸಂಸ್ಥೆಯು ೨೦೧೭ರಲ್ಲಿ ೧೪ ದೇಶಗಳ ಸುಮಾರು ೧೨,೦೦೦ ಜನರಿಗೆ ಲೋಕದ ಸ್ಥಿತಿಯನ್ನು ಕುರಿತು ಇಂಥ ೧೨ ಪ್ರಶ್ನೆಗಳನ್ನು ಹಾಕಿತು. ಕಣ್ಣುಮುಚ್ಚಿ ಆರಿಸಿದರೂ ನಾಲ್ಕು ಸರಿಯಾಗಬೇಕಿತ್ತು. ಅವರ ಸರಾಸರಿಯು ಎರಡೇ ಆಗಿತ್ತು. ಅಂದರೆ ಜನರು ತಿಳಿಯದವರು ಮಾತ್ರವಲ್ಲ, ಹಳೆಯ ತಪ್ಪು ತಿಳುವಳಿಕೆಯನ್ನು ಗಟ್ಟಿಯಾಗಿ ಹಿಡಿದವರು. ಇದೇ ರೋಸ್ಲಿಂಗರು ೧೯೭೨ರಲ್ಲಿ ಬೆಂಗಳೂರಿನ ಸೈಂಟ್ ಜಾನ್ಸ್ ವೈದ್ಯಕೀಯ ಕಾಲೇಜಿಗೆ ಕಲಿಯಲು ಬಂದಿದ್ದರು. ಅಲ್ಲಿಯ ಭಾರತೀಯ ಸಹಪಾಠಿಗಳು ತನಗಿಂತ ಹೆಚ್ಚು ಬಲ್ಲವರೆಂದು ಕಂಡು ಪಾಶ್ಚಾತ್ಯರೇ ಮೇಲೆಂಬ ತನ್ನ ಎಣಿಕೆಯು ಮುರಿದುಹೋಯಿತೆಂದು ಅವರೇ ಬರೆದಿದ್ದಾರೆ. ಅಮೆರಿಕದಲ್ಲಿ ೨೦೦೬ರಲ್ಲಿ ನಡೆದ ಇನ್ನೊಂದು ಪರೀಕ್ಷೆಯಲ್ಲಿ ೧೮ರಿಂದ ೨೪ ವರ್ಷದ ತರುಣರಲ್ಲಿ ನೂರಕ್ಕೆ ೬೩ ಮಂದಿಗೆ ಇರಾಕ್ ದೇಶವನ್ನು ನಕಾಶೆಯಲ್ಲಿ ತೋರಿಸಲಾಗಲಿಲ್ಲ. ಅವರ ದೇಶದ ಸೈನ್ಯವು ೨೦೦೩ರಿಂದಲೂ ಅಲ್ಲಿ ಯುದ್ಧದಲ್ಲಿತ್ತು. ಹೀಗಿರುವುದರಿಂದ ನಾವು ಆರಿಸುವ ಪ್ರಶ್ನೆಗಳನ್ನು ಕಡಿಮೆಮಾಡಿ, ಹೆಸರುಗಳಿಲ್ಲದ ನಕಾಶೆಯನ್ನು ಕೊಟ್ಟು ಗುರುತಿಸಲು ಹೇಳುತ್ತೇವೆ. ಪ್ರತಿಯೊಂದು ಉತ್ತರದ ಕೆಳಗೆ ‘ಹೇಗೆಂದರೆ’ ಎಂದು ಒಂದು ವಾಕ್ಯವನ್ನು ಬರೆಯಿಸುತ್ತೇವೆ.

ಇದೆಲ್ಲ ನಮ್ಮ ಹೆಣ್ಣುಮಕ್ಕಳಿಗೆ ವಿಶೇಷವಾಗಿ ಅಗತ್ಯವಾದುದೇಕೆಂದು ಹೇಳುವೆವು. ಇಲ್ಲಿಂದ ಹೊರಟವರಲ್ಲಿ ಅನೇಕರು ದಾದಿಯರಾಗಿಯೋ ಉಪಾಧ್ಯಾಯಿನಿಯರಾಗಿಯೋ ಗೃಹಿಣಿಯರಾಗಿಯೋ ಕುವೈತ್, ಬಹರೈನ್, ದೋಹಾ, ಮಸ್ಕತ್ ಮೊದಲಾದ ಸ್ಥಳಗಳಿಗೆ ಹೋಗುತ್ತಾರೆ. ಕೆಲಸ ಕೊಡಿಸುವೆನೆಂದು ಬಂದವನು ದೇಶದ ಹೆಸರನ್ನು ಹೇಳುವಾಗ ಅದು ಯಾವ ರಾಜ್ಯಕ್ಕೆ ಸೇರಿದುದು, ಅಲ್ಲಿ ಭಾರತದ ರಾಯಭಾರ ಕಚೇರಿಯು ಯಾವ ಪಟ್ಟಣದಲ್ಲಿದೆ, ನೆರೆಯಲ್ಲಿ ಯುದ್ಧವಿದೆಯೋ ಶಾಂತಿಯಿದೆಯೋ ಎಂದು ಕೇಳಬಲ್ಲವಳನ್ನು ಮೋಸಗೊಳಿಸುವುದು ಸುಲಭವಲ್ಲ. ನಕಾಶೆಯನ್ನು ಓದಲಾರದವಳು ಇನ್ನೊಬ್ಬರ ಮಾತನ್ನೇ ನಂಬಿ ವಿಮಾನವನ್ನು ಹತ್ತಬೇಕಾಗುವುದು.

ಇನ್ನೊಂದು ಪ್ರಯೋಜನವು ಹೃದಯಕ್ಕೆ ಸಂಬಂಧಪಟ್ಟುದು. ೨೦೨೩ರ ಫೆಬ್ರವರಿ ೬ರಂದು ತುರ್ಕಿ ಮತ್ತು ಸಿರಿಯ ದೇಶಗಳಲ್ಲಿ ಭೂಕಂಪವಾಗಿ ೫೦,೦೦೦ಕ್ಕೂ ಹೆಚ್ಚು ಜನರು ಸತ್ತರು. ಆಗ ಹಾಳಾದ ಪಟ್ಟಣಗಳಲ್ಲಿ ಅಂತಾಕ್ಯ ಎಂಬುದು ಒಂದು. ಯೇಸುವಿನ ಶಿಷ್ಯರಿಗೆ ಕ್ರೈಸ್ತರೆಂಬ ಹೆಸರು ಮೊದಲು ಬಂದ ಅಂತಿಯೋಕ್ಯ ಪಟ್ಟಣವೇ ಅದು. ಇದನ್ನು ನಕಾಶೆಯಲ್ಲಿ ಕಂಡ ಬಾಲಿಕೆಯು ಆ ಜನರಿಗಾಗಿ ಮಾಡುವ ಪ್ರಾರ್ಥನೆಯು ಬರಿಯ ಬಾಯಿಮಾತಾಗದು. ನೆರೆಯವನನ್ನು ಪ್ರೀತಿಸಬೇಕೆಂದು ಕಲಿಸುವ ನಾವು ನೆರೆಯವನು ಎಲ್ಲಿರುವನೆಂದೂ ಕಲಿಸಬೇಕಷ್ಟೆ.

ನಮ್ಮ ಸೀಮೆಗೆ ಇದು ಹೊಸ ವಿಷಯವಲ್ಲ. ೧೮೪೩ರಲ್ಲಿ ಮೋಗ್ಲಿಂಗ್ ಪಾದ್ರಿಯವರು ಹೊರಡಿಸಿದ ಕನ್ನಡದ ಮೊದಲನೆಯ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು ಊರಿನ ವರ್ತಮಾನದೊಂದಿಗೆ ಇತರ ರಾಜ್ಯಗಳ ವರ್ತಮಾನವನ್ನೂ ಕೊಡುತ್ತಿತ್ತು. ಕೋಟದ ಶಿವರಾಮ ಕಾರಂತರು ‘ಬಾಲಪ್ರಪಂಚ’ವನ್ನು ಬರೆದು ಲೋಕವನ್ನು ಕನ್ನಡದ ಮಕ್ಕಳ ಕೈಗೆ ಕೊಟ್ಟರು.

ಕೊನೆಯದಾಗಿ ತಾಯಿತಂದೆಗಳಲ್ಲಿಯೂ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ನಮ್ಮ ಬಿನ್ನಹವಿಷ್ಟೆ. ರಾತ್ರಿಯ ಊಟದ ಹೊತ್ತಿಗೆ ವಾರ್ತೆಯಲ್ಲಿ ಒಂದು ಊರಿನ ಹೆಸರು ಬಂದರೆ ಮಗಳನ್ನು ಕರೆದು ಮೂರು ಮಾತು ಕೇಳಿರಿ: ಅದು ಎಲ್ಲಿದೆ? ಹಾಗಾದುದೇಕೆ? ಅದರಿಂದ ನಮಗೇನು? ಕುವೈತಿನಲ್ಲಿರುವ ತಂದೆಗೆ ಫೋನು ಮಾಡುವ ಮುಂಚೆ ಅಲ್ಲಿ ಈಗ ಎಷ್ಟು ಗಂಟೆಯೆಂದು ಅವಳಿಂದಲೇ ಲೆಕ್ಕಹಾಕಿಸಿರಿ. ನಮ್ಮ ಏಳು ಗಂಟೆಯು ಅವರಿಗೆ ನಾಲ್ಕೂವರೆ. ಉತ್ತರವು ನಿಮಗೂ ತಿಳಿಯದಿದ್ದರೆ ತಾಯಿಮಗಳು ಕೂಡಿ ಭೂಗೋಲವನ್ನು ತಿರುಗಿಸಿ ಹುಡುಕಿರಿ. ಪರದೇಶಗಳಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ತಾವಿರುವ ಊರಿನ ಮಳೆ, ಬೆಳೆ, ಹಗಲಿನ ಉದ್ದಗಳನ್ನು ಕುರಿತು ಶಾಲೆಗೆ ಒಂದೊಂದು ಕಾಗದ ಬರೆದರೆ ಅದಕ್ಕಿಂತ ಒಳ್ಳೆಯ ಪಾಠಪುಸ್ತಕವು ನಮಗೆ ಬೇರೆ ಬೇಕಿಲ್ಲ. ಲೋಕವನ್ನು ಉಂಟುಮಾಡಿದ ದೇವರು ಅದನ್ನು ಅರಿಯುವ ಬುದ್ಧಿಯನ್ನೂ ಅದರ ಜನರಲ್ಲಿ ಪ್ರೀತಿಯನ್ನೂ ನಮ್ಮ ಹೆಣ್ಣುಮಕ್ಕಳಿಗೆ ಅನುಗ್ರಹಿಸಲಿ.